ನಮ್ಮತ್ತಿಗೆ ಟೀವಿ ಸುದ್ದಿ ವಿಚಾರಿಸಿದ್ದು

ಮುಖ ನೋಡಿಕೊಂಡು ಆಡಲಾಗದ ಮಾತನ್ನು ಬೆನ್ನು ನೋಡಿಕೊಂಡು ಆಡಬಹುದು ಎಂಬುದು ನನಗೆ ತಿಳಿದದ್ದು ಮೊಪೆಡ್ ಕೊಂಡ ಮೇಲೆ. ಓಡಿಸುವವನ ಕಣ್ಣು ರಸ್ತೆಯ ಗುಂಡಿಯ ಮೇಲೆ, ಹಿಂದೆ ಕೂತವರ ಕಣ್ಣು ಅವನ ಅಂಗಿಯ ಕಾಲರಿನ ಮೇಲೆ. ಇಬ್ಬರ ನೋಟವೂ ಸಂಧಿಸುವ ಭಯವಿಲ್ಲ. ಹೀಗಾಗಿ ಹನಗೋಡಿನಿಂದ ಹುಣಸೂರಿಗೆ ಹೋಗಿ ಬರುವುದರೊಳಗೆ ನನ್ನ ಬೆನ್ನು ಕೇಳಿರುವಷ್ಟು ಗುಟ್ಟನ್ನು ನನ್ನ ಕಿವಿ ಈ ಜನ್ಮದಲ್ಲಿ ಕೇಳಿಲ್ಲ. ನನ್ನ ಹೆಂಡತಿ ನಾಗರತ್ನ ತನ್ನ ತವರಿನವರ ಮೇಲಿನ ಮುನಿಸನ್ನು ಹೇಳಿಕೊಂಡದ್ದು ಬೆನ್ನಿಗೆ. ಪಕ್ಕದ ಮನೆಯ ಹುಡುಗಿ ತನಗೆ ಬಿ.ಎಡ್. ಬೇಡವೇ ಬೇಡ ಎಂದು ಅತ್ತದ್ದೂ ಬೆನ್ನಿಗೇ. ಬೆನ್ನಿನ ದೊಡ್ಡ ಗುಣವೆಂದರೆ ಅದಕ್ಕೆ ಹುಬ್ಬು ಗಂಟಿಕ್ಕಲು ಬರುವುದಿಲ್ಲ.

ಆದರೆ ಜಯಮ್ಮತ್ತಿಗೆ ಬಹಳ ಕಾಲ ನನ್ನ ಬೆನ್ನಿಗೆ ಏನೂ ಹೇಳಿರಲಿಲ್ಲ. ನಮ್ಮಣ್ಣನ ಹೆಂಡತಿ ಅವಳು. ಮದುವೆಯಾಗಿ ಬಂದಾಗ ನಾನು ನಾಲ್ಕನೇ ಕ್ಲಾಸು. ನನ್ನ ತಲೆಯನ್ನು ಮಂಡಿಗೆ ಒತ್ತಿಕೊಂಡು ಹೇನು ಹೆಕ್ಕುತ್ತಾ ಒಗಟು ಹಾಕುತ್ತಿದ್ದಳು. ಒಗಟು ಒಡೆದರೆ ಬೆಲ್ಲ, ಒಡೆಯದಿದ್ದರೆ ಬಾಚಣಿಗೆಯಲ್ಲಿ ಒಂದೇಟು. ಇವತ್ತು ನಾನು ನಾಲ್ಕು ಸಾಲು ಬರೆಯುತ್ತೇನೆಂದರೆ ಅದರಲ್ಲಿ ಮೇಷ್ಟರ ಪಾಲು ಕಡಿಮೆ. ನಮ್ಮಜ್ಜಿಯ ಬೈಗುಳದ್ದು, ಈ ಅತ್ತಿಗೆಯ ಬಾಚಣಿಗೆಯದು ಹೆಚ್ಚು.

ಅತ್ತಿಗೆ ಟೀವಿ ನೋಡುವವಳಲ್ಲ. ಸಂಜೆಯಾದರೆ ನಮ್ಮೂರಿನ ಹೆಂಗಸರೆಲ್ಲ ಧಾರಾವಾಹಿಯ ಮುಂದೆ ಕೂತು ಮೂಗು ಸೀಟುವಾಗ ಇವಳು ಬ್ಯಾರನ್ನಿನ ಒಲೆಗೆ ಸೌದೆ ನೂಕುತ್ತಿರುತ್ತಾಳೆ. ಬ್ಯಾರನ್ ಎಂದರೆ ಹೊಗೆಸೊಪ್ಪು ಹದಮಾಡುವ ಮನೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಮಳೆಗಾಲ ಮುಗಿಯುವವರೆಗೂ ಜನರ ಬದುಕು ಅದರ ಸುತ್ತಲೇ. ಯಾಕತ್ತಿಗೆ, ನೀನೊಬ್ಬಳು ನೋಡಲ್ಲ ಅಂದರೆ, ಕಣ್ಣಿಗೆ ಹೊಗೆ ಹೊಡೆದರೆ ಅಳು ತಾನಾಗೇ ಬರುತ್ತದೆ, ಅದಕ್ಕೆ ಟೀವಿ ಯಾಕೆ ಎನ್ನುವಳು.

ಅಂಥವಳು ಒಂದು ದಿನ, ರಾಗಿ ಬೀಸಿಸಿಕೊಂಡು ಬರುತ್ತಿದ್ದಾಗ, ಹಿಟ್ಟಿನ ಚೀಲವನ್ನು ತೊಡೆಯ ಮೇಲೆ ಹಿಡಿದುಕೊಂಡು ನನ್ನ ಬೆನ್ನಿಗೆ ಒಂದು ಪ್ರಶ್ನೆ ಹಾಕಿದಳು.

"ಪುಟ್ಸಾಮಿ, ಆ ಧಾರಾವಾಯೀಲಿ ಅಣ್ಣನ ಪಾಲ್ಟು ಮಾಡ್ತಿದ್ರಲ್ಲ, ಅವ್ರು ಎಣ್ಣಂತೆ. ಜನ ಏನಂತವ್ರೆ ಅದ್ಕೆ?"

ಮೊಪೆಡ್ ಜಲ್ಲಿ ರಾಶಿ ಹತ್ತಿ ಇಳಿಯಿತು. ನಾನು ಬೀಳಲಿಲ್ಲ, ಹಿಟ್ಟಿನ ಚೀಲ ನನ್ನನ್ನು ತಡೆಯಿತು.

ಸಂಗತಿ ಇಷ್ಟು. ರಾಜ್ಯಕ್ಕೆಲ್ಲ ಗೊತ್ತಿದ್ದ ಒಬ್ಬ ನಟರು. ಹೆಸರು ಬೇಡ, ನಿಮಗೂ ಬೇಕಾಗಿಲ್ಲ. ಧಾರಾವಾಹಿಯಲ್ಲಿ ಅವರು ಮೂವರು ತಂಗಿಯರ ಅಣ್ಣ. ಗೌರಿ ಹಬ್ಬಕ್ಕೆ ತಪ್ಪದೆ ಬಾಗಿನ ಹೊತ್ತು ತರುವ, ತಂಗಿ ಅತ್ತರೆ ಬಾವನ ಕಾಲರ್ ಹಿಡಿಯುವ ಅಣ್ಣ. ಒಂದು ಬೆಳಿಗ್ಗೆ ಅವರು ಸೀರೆಯುಟ್ಟು, ಹೊಸ ಹೆಸರಿಟ್ಟುಕೊಂಡು, ಕ್ಯಾಮೆರಾದ ಮುಂದೆ ಕೂತು, ನಾನು ಚಿಕ್ಕಂದಿನಿಂದಲೂ ಹೆಣ್ಣೇ, ಇಷ್ಟು ದಿನ ಹೇಳುವ ಧೈರ್ಯ ಇರಲಿಲ್ಲ ಎಂದರು. ಧಾರಾವಾಹಿಯವರು ಆ ಅಣ್ಣನನ್ನು ತರಾತುರಿಯಲ್ಲಿ ದುಬೈಗೆ ಕಳಿಸಿ, ಬರುವಾಗ ಬೇರೊಬ್ಬನನ್ನು ಇಳಿಸಿದರು. ಊರೆಲ್ಲ ಅದೇ ಮಾತಾಯಿತು.

ಅತ್ತಿಗೆ ಯಾಕೆ ಕೇಳಿದಳು ಎಂಬುದು ನನಗೆ ಹೇಳದೆಯೇ ತಿಳಿಯಿತು. ಅವಳಿಗಿರುವುದು ಒಂದೇ ಮಗು. ಸೋಮಶೇಖರ ಎಂದು ಹೆಸರಿಟ್ಟು ಸೋಮು ಎಂದು ಕರೆದದ್ದು. ಕೆಲವು ವರ್ಷದ ಕೆಳಗೆ ಆ ಮಗುವೂ ಅಪ್ಪ ಅವ್ವನನ್ನು ಕೂರಿಸಿಕೊಂಡು ಇಂಥದೇ ಮಾತು ಹೇಳಿತ್ತು. ನಮ್ಮಣ್ಣ ಎದ್ದು ಹೊಲಕ್ಕೆ ಹೋದ. ಮಗು ಮೈಸೂರಿಗೆ ಹೋಯಿತು. ಈಗ ಅಲ್ಲಿ ಫ್ಲೆಕ್ಸ್ ಬ್ಯಾನರ್ ಮಾಡುವ ಅಂಗಡಿಯಲ್ಲಿ ಕೆಲಸ, ಹೆಸರು ಸೌಮ್ಯ. ಅತ್ತಿಗೆ ಫೋನಿನಲ್ಲಿ ಮಾತಾಡುತ್ತಾಳೆ, ಹುಣಸೂರಿನ ನೆಪ ಹೇಳಿ ಹೋಗಿ ನೋಡಿಯೂ ಬರುತ್ತಾಳೆ. ಊರಿನಲ್ಲಿ ಆ ಹೆಸರು ಎತ್ತಿದವರಿಲ್ಲ. ಹೋದ ವರ್ಷ ಅಣ್ಣ ತೀರಿಕೊಂಡಾಗ ಸೌಮ್ಯ ಬಂದಳು. ಕೂದಲನ್ನು ಟೋಪಿಯೊಳಗೆ ಸೇರಿಸಿ, ದೊಡ್ಡ ಅಂಗಿ ಹಾಕಿಕೊಂಡು, ಮಣ್ಣಿನ ಹೊತ್ತಿಗೆ ಬೇಲಿಯ ಹತ್ತಿರ ನಿಂತಿದ್ದು, ಮುಂದಿನ ಬಸ್ಸಿಗೆ ಹೊರಟುಹೋದಳು.

ಈಗ ಮಾರ್ಲಮಿ ಹತ್ತಿರ ಬರುತ್ತಿತ್ತು. ಪಿತೃಪಕ್ಷವನ್ನು ನಮ್ಮ ಕಡೆ ಮಾರ್ಲಮಿ ಎನ್ನುತ್ತಾರೆ. ಸತ್ತ ಹಿರಿಯರು ಆವತ್ತು ಮನೆಗೆ ಬರುತ್ತಾರೆ. ಅವರಿಗೆ ಪ್ರಿಯವಾದದ್ದನ್ನೆಲ್ಲ ಅಟ್ಟು ಎಡೆ ಇಟ್ಟು, ಹೊಸ ಬಟ್ಟೆ ಇಟ್ಟು, ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಧೂಪ ಹಾಕಬೇಕು. ಅಣ್ಣನಿಗೆ ಇದು ಮೊದಲ ಎಡೆ. ಆ ಮಗು ಬಂದು ಅಪ್ಪನಿಗೆ ಧೂಪ ಹಾಕಬೇಕು, ಬೇಲಿ ಪಕ್ಕದಿಂದಲ್ಲ, ಎಡೆಯ ಮುಂದೆ ನಿಂತು ಹಾಕಬೇಕು. ಅತ್ತಿಗೆಗೆ ಬೇಕಾಗಿದ್ದುದು ಅಷ್ಟೇ. ಕೇಳುವುದು ಯಾರನ್ನು? ಸೋಮು ಬಂದರೆ ಏನಂತೀರಿ ಎಂದು ಮನೆ ಮನೆ ಕೇಳಿಕೊಂಡು ಹೋಗಲಾಗುತ್ತದೆಯೇ? ಅಷ್ಟರಲ್ಲಿ ಆ ನಟಿ ಟೀವಿಗೆ ಬಂದರು. ಮುದ್ದೆ ಬೆಂದಿದೆಯೋ ಇಲ್ಲವೋ ಎಂದು ಹೆಂಗಸರು ಬೆರಳು ಒದ್ದೆ ಮಾಡಿಕೊಂಡು ಮುಟ್ಟಿ ನೋಡುತ್ತಾರಲ್ಲ, ಹಾಗೆ ಅತ್ತಿಗೆ ಆ ಸುದ್ದಿ ಹಿಡಿದುಕೊಂಡು ಊರನ್ನು ಮುಟ್ಟಿ ನೋಡಲು ಹೊರಟಳು. ಬೆರಳು ಅವಳದು, ಮೊಪೆಡ್ ನನ್ನದು.

ಮೊದಲು ಕೇಳಿದ್ದು ನಮ್ಮ ಕೊಟ್ಟಿಗೆಯಲ್ಲೇ, ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದ ಹೆಂಗಸರನ್ನು. ಕೈ ಸೊಪ್ಪಿನ ಅಂಟಿನಿಂದ ಕಪ್ಪಾಗಿರುತ್ತದೆ, ಬಾಯಿ ಬಿಡುವಾಗಿರುತ್ತದೆ. ಅಲ್ಲಿ ತೀರ್ಮಾನವಾಗದ ವಿಷಯವಿಲ್ಲ. ನಾನು ಛೀ ಥೂ ಕೇಳಬಹುದೆಂದು ಹೆದರಿದ್ದೆ. ಕೇಳಿಸಿದ್ದು ಗೋಳು. ನಿಜವಾದ ಅಣ್ಣಂದಿರು ಇದ್ದೂ ಇಲ್ಲದಂತಿದ್ದಾರೆ, ಗೌರಿ ಹಬ್ಬಕ್ಕೆ ಒಂದು ಬಳೆ ತರುವವರಿಲ್ಲ, ಇದ್ದ ಒಬ್ಬ ಟೀವಿ ಅಣ್ಣನೂ ಹೋದನಲ್ಲ ಎಂದು ಸಾಕಮ್ಮ ಸೆರಗಿನಲ್ಲಿ ಕಣ್ಣೊತ್ತಿಕೊಂಡಳು.

"ಓಗಿಲ್ವಲ್ಲ ಸಾಕಮ್ಮ," ಎಂದಳು ಅತ್ತಿಗೆ, ಗಂಟು ಬಿಗಿಯುತ್ತಾ. "ಅಕ್ಕ ಆಗವ್ಳೆ."

ಸಾಕಮ್ಮ ಯೋಚಿಸಿದಳು. ಅಕ್ಕನ ಮನೆಯಿಂದ ಬಾಗಿನ ಬರುತ್ತದೆಯೇ ಎಂದು ಕೇಳಿದಳು. ಮಾತು ಸೀರೆಗೆ ತಿರುಗಿತು. ಆ ಸಂದರ್ಶನದಲ್ಲಿ ಉಟ್ಟಿದ್ದ ನೆರಿಗೆ ಎಷ್ಟು ಒಪ್ಪವಾಗಿತ್ತು, ನನ್ನ ಸೊಸೆಗೆ ಮದುವೆಯಾಗಿ ಇಷ್ಟು ವರ್ಷವಾದರೂ ಹಾಗೆ ಹಿಡಿಯಲು ಬರುವುದಿಲ್ಲ ಎಂದು ಒಬ್ಬಳು ಹೇಳಿದ್ದೇ, ಸೊಸೆಯೂ ಅಲ್ಲೇ ಇದ್ದದ್ದರಿಂದ ಸಭೆ ಬೇರೆ ದಿಕ್ಕು ಹಿಡಿಯಿತು.

ಗಂಡಸರನ್ನು ವಿಚಾರಿಸುವ ಕೆಲಸ ನನಗೆ ಬಿತ್ತು. ಹನಗೋಡಿನ ಕ್ಷೌರದಂಗಡಿಗೆ ಹೋದೆ. ಬೇಕಾದಷ್ಟು ಕೂದಲಿಲ್ಲದ ನಾನು ಪದೇ ಪದೇ ಕ್ಷೌರಕ್ಕೆ ಹೋಗುವುದು ಅನುಮಾನಕ್ಕೆ ಎಡೆ ಎಂದು ಗೊತ್ತಿದ್ದೂ ಹೋದೆ. ಅಲ್ಲಿ ಗೋಡೆಯ ಮೇಲೆ ಆ ನಟರ ಹಳೆಯ ಚಿತ್ರ, ಅಣ್ಣನ ವೇಷದ್ದು. ಹುಡುಗರೆಲ್ಲ ಅದನ್ನು ತೋರಿಸಿ ಅದೇ ಕಟಿಂಗ್ ಮಾಡಿಸಿಕೊಳ್ಳುತ್ತಿದ್ದವರು. ಕೆಲವರು ಚಿತ್ರ ಕಿತ್ತುಹಾಕು ಎನ್ನುತ್ತಿದ್ದರು. ಕ್ಷೌರದ ಮಹದೇವ ಕತ್ತರಿ ಆಡಿಸುತ್ತಾ, ಅವರು ಏನಾದರೂ ಆಗಲಿ, ಕಟಿಂಗ್ ಏನು ತಪ್ಪು ಮಾಡಿತು ಎಂದ. ಈ ನ್ಯಾಯವನ್ನು ನಾನು ಯಥಾವತ್ತಾಗಿ ಒಪ್ಪಿಸಿದಾಗ ಅತ್ತಿಗೆ ಬಹಳ ದಿನದ ಮೇಲೆ ನಕ್ಕಳು.

ಇನ್ನು ನಮ್ಮತ್ತೆ, ನಾಗರತ್ನಳ ತಾಯಿ, ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆಯವರು. ಕಾಲುವೆ ನೀರಿನ ಜನ, ಮೂರು ಹೊತ್ತೂ ಅನ್ನ ಉಣ್ಣುವವರು. ನಮ್ಮ ರಾಗಿ ಮುದ್ದೆಯ ಬಗ್ಗೆ ಒಳಗೊಳಗೇ ಮರುಕವುಳ್ಳವರು. ಅವರು ಫೋನಿನಲ್ಲಿ, ಇದೆಲ್ಲ ಗೊಬ್ಬರ ಸುರಿದು ಬೆಳೆದ ಅಕ್ಕಿ ತಿಂದು ಆಗುವುದು ಎಂದು ತೀರ್ಪು ಕೊಟ್ಟರು. ಆ ಅಕ್ಕಿ ಬೆಳೆಯುವವರೂ ಅವರೇ. ಮಾರನೆಯ ದಿನ ಮೊಪೆಡ್ಡಿನ ಹಿಂದಿನಿಂದ ಮೆಲ್ಲಗೆ ಅತ್ತಿಗೆಯ ದನಿ ಬಂತು: "ನಮ್ ಮಗು ರಾಗಿ ತಿಂದೇ ಬೆಳದದ್ದು."

ಆಮೇಲೆ ಅವಳಿಗೆ ಯಾರೋ ಹೇಳಿದರು, ಆ ನಟಿಯ ವಿಡಿಯೋದ ಕೆಳಗೆ ಸಾವಿರಾರು ಜನ ಏನೇನೋ ಬರೆದಿದ್ದಾರೆಂದು. ಅತ್ತಿಗೆಗೆ ಓದಲು ಬರದು. ಲಕ್ಷ್ಮಣತೀರ್ಥದ ಸೇತುವೆಯ ಹತ್ತಿರ ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಲು ಹೇಳಿ, ಓದು ಎಂದಳು. ಮೊದಲನೆಯದು ಚೆನ್ನಾಗಿತ್ತು: ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಅಕ್ಕಾ. ಎರಡನೆಯದು ಬಾಯಲ್ಲಿ ಹೇಳುವಂಥದಲ್ಲ. ನಾನು ಅಲ್ಲೇ ಒಂದು ಕಟ್ಟಿ, ನಿಮ್ಮ ಧೈರ್ಯ ಮೆಚ್ಚುವಂಥದು ಎಂದು ಓದಿದೆ. ಮೂರನೆಯದು ಇನ್ನೂ ಹೊಲಸು. ನನಗೂ ಹುರುಪು ಬಂದಿತ್ತು. ನಾಡಿನ ಸಮಸ್ತ ಜನತೆಯ ಪರವಾಗಿ ನಿಮಗೆ ಶುಭಾಶಯಗಳು ಎಂದು ಭಾಷಣದ ದನಿಯಲ್ಲಿ ಓದಿದೆ.

ಅತ್ತಿಗೆ ಹೊಳೆ ನೋಡುತ್ತಿದ್ದಳು. "ಸುಳ್ಳು ಓದುವಾಗ ಬಾಳ ಚೆನ್ನಾಗಿ ಓದ್ತೀಯ ಕಣಪ್ಪ. ನಿಜ ಓದುವಾಗ ತಡವರಿಸ್ತೀಯ. ಇರೋದ್ನೇ ಓದು."

ತಡವರಿಸುತ್ತಾ ಓದಿದೆ. ಎಲ್ಲವನ್ನೂ ಅಲ್ಲ, ಆದರೆ ಸುಳ್ಳು ಸೇರಿಸದೆ. ಅವಳು ಕೇಳಿಸಿಕೊಂಡಳು. ಕೊನೆಗೆ, ಇವರೆಲ್ಲ ನಮ್ಮೂರಿನವರಾ ಎಂದಳು. ಅಲ್ಲ, ಯಾರೋ ಎಲ್ಲಿಯವರೋ ಎಂದೆ.

"ಅಂಗಾದ್ರೆ ಬುಡು. ಮಾರ್ಲಮಿಗೆ ಅವ್ರೇನು ಬರಾಕಿಲ್ಲ."

ನಮ್ಮೂರಿನವರ ಸರದಿ ಹಾಲಿನ ಡೇರಿಯಲ್ಲಿ ಬಂತು. ಸಂಜೆ ಸಾಲು ನಿಂತಿತ್ತು. ಕಿರಣ ಎಂಬ ಹುಡುಗ, ನಮ್ಮ ಒಕ್ಕಲಿನ ದಾಯಾದಿಯೇ, ಯಾರೋ ಆ ನಟಿಯ ಮಾತೆತ್ತಿದ್ದಕ್ಕೆ ಕ್ಯಾನು ಕೆಳಗಿಟ್ಟು, ಟವೆಲನ್ನು ಸೆರಗು ಮಾಡಿಕೊಂಡು, ಸೊಂಟ ಬಳುಕಿಸಿ ಚಪ್ಪಾಳೆ ಹೊಡೆದು ನಡೆದು ತೋರಿಸಿದ. ಸಾಲೆಲ್ಲ ನಕ್ಕಿತು. ಟೀವಿ ಅಣ್ಣನಿಗಾಗಿ ಅತ್ತಿದ್ದ ಸಾಕಮ್ಮನೂ ನಕ್ಕಳು. ಅತ್ತಿಗೆ ಅದೇ ಸಾಲಿನಲ್ಲಿ ನಿಂತಿದ್ದಳು. ಒಬ್ಬರೂ ಅವಳ ಕಡೆ ನೋಡಲಿಲ್ಲ. ಜನ ನಗುವಾಗ ಪಕ್ಕದವರ ಮುಖ ನೋಡಿ ನಗುತ್ತಾರೆ. ಅವಳ ಅಕ್ಕಪಕ್ಕದವರು ಹಾಲಿನ ಕ್ಯಾನು ನೋಡಿಕೊಂಡು ನಕ್ಕರು. ಊರಿಗೆಲ್ಲ ಎಲ್ಲವೂ ಗೊತ್ತಿದೆ ಎಂಬುದು ನನಗೆ ಆಗಲೇ ಖಾತ್ರಿಯಾದದ್ದು. ಅವಳು ಸರದಿ ಬಂದಾಗ ಹಾಲು ಹಾಕಿ, ಕ್ಯಾನು ತೊಳೆದು, ಮನೆಗೆ ನಡೆದಳು. ಅಂದಿನಿಂದ ಯಾರನ್ನೂ ಏನೂ ಕೇಳಲಿಲ್ಲ. ನಾನೇ ಎರಡು ಸಲ ಗಾಡಿ ಹೊರಗೆ ತೆಗೆದು, ಹಿಟ್ಟಿನ ಗಿರಣಿಗೆ ಹೋಗಿಬರೋಣವೇ ಎಂದರೆ, ಹಿಟ್ಟು ಇದೆ ಎಂದಳು.

ಉಳಿದಿದ್ದವರು ದೊಡ್ಡಪ್ಪ ಒಬ್ಬರು. ನಮ್ಮಪ್ಪನ ಅಣ್ಣ, ಚಿಕ್ಕೇಗೌಡರು. ಒಕ್ಕಲಿಗೆಲ್ಲ ಹಿರಿಯರು, ಎಡೆಯ ಮುಂದೆ ಮೊದಲ ಧೂಪ ಅವರದು, ಅವರು ಬರುವುದಿಲ್ಲ ಎಂದರೆ ಎಡೆಯೇ ಇಲ್ಲ. ಹಲ್ಲು ಹೋಗಿದೆ, ಗತ್ತು ಹೋಗಿಲ್ಲ. ಮಾರ್ಲಮಿ ಇನ್ನೇನು ಬಂತು ಎನ್ನುವಾಗ ಅತ್ತಿಗೆ ಒಂದು ಬಟ್ಟಲು ಪಾಯಸ ಹಿಡಿದುಕೊಂಡು ಅವರ ಜಗುಲಿಗೆ ಹೋದಳು. ನಾನು ಹಿಂದೆ ಹೋದೆ. ಪಾಯಸ ಮುಗಿಯುವವರೆಗೂ ಬಿಟ್ಟು, ಟೀವಿಯ ಆ ಅಣ್ಣನ ವಿಷಯ ಕೇಳಿದ್ರಾ ದೊಡ್ಮಾವ ಎಂದು ಶುರು ಮಾಡಿದಳು.

ದೊಡ್ಡಪ್ಪ ಬಟ್ಟಲು ಕೆಳಗಿಟ್ಟರು. "ಟೀವಿಯೋರ ಇಚಾರ ಕಟ್ಕಂಡು ನಂಗೇನವ್ವ. ನಿನ್ನ ಮಗೀನ ಇಚಾರ ತಾನೇ ನೀನು ಕೇಳ್ತಿರಾದು?"

ಅತ್ತಿಗೆ ಹೌದೆಂದು ತಲೆ ಆಡಿಸಿದಳು.

ದೊಡ್ಡಪ್ಪ ಬೀದಿಯ ಕಡೆ ತಿರುಗಿದರು. ನನಗೆ ಇದು ಅರ್ಥವಾಗುವುದಿಲ್ಲ, ಅರ್ಥ ಮಾಡಿಕೊಳ್ಳುವ ವಯಸ್ಸೂ ಅಲ್ಲ ಎಂದರು. ಆದರೆ ನಿನ್ನ ಗಂಡ ಮೊದಲನೇ ಸಲ ಎಡೆಗೆ ಬಂದು, ನನ್ನ ಮಗು ಎಲ್ಲಿ ಎಂದು ಕೇಳಿದರೆ ಹಿರಿಯನಾಗಿ ನಾನು ಏನು ಹೇಳಲಿ, ಅದಕ್ಕೆ ಬರಲಿ ಎಂದರು. ಅತ್ತಿಗೆಯ ಮುಖ ಅರಳುವಷ್ಟರಲ್ಲಿ ಬೆರಳೆತ್ತಿದರು.

"ಪ್ಯಾಂಟು ಸಲ್ಟು ಆಕ್ಕಂಡು ಬರ್ಲಿ. ಸೀರೆಗೀರೆ ಉಟ್ಕಂಡು ಎಡೆ ಮುಂದೆ ನಿಂತ್ರೆ ನಾನು ಧೂಪ ಮುಟ್ಟಾಕಿಲ್ಲ."

ಮಾರನೆಯ ದಿನ ಅತ್ತಿಗೆ, ಬಟ್ಟೆ ತರಬೇಕು, ಕೊಪ್ಪಕ್ಕೆ ನಡಿ ಎಂದಳು. ಆ ಕೊಪ್ಪ ಟಿಬೆಟಿನವರ ಬೀಡಿನ ಪಕ್ಕದ್ದು, ನಮ್ಮ ಮೊಪೆಡ್ಡಿಗೆ ಪಿರಿಯಾಪಟ್ಟಣ ದಾಟುವುದೇ ದೇಶಾಂತರ ಹೋದಂತೆ. ಬಟ್ಟೆ ಹುಣಸೂರಿನಲ್ಲೇ ಸಿಗುತ್ತದಲ್ಲ ಎಂದೆ. ಹುಣಸೂರಿನ ಅಂಗಡಿಯವರು ಯಾರಿಗೆ ಎಂದು ಕೇಳುತ್ತಾರೆ, ಕೊಪ್ಪದವರು ಕೇಳುವುದಿಲ್ಲ ಎಂದಳು. ಪಿರಿಯಾಪಟ್ಟಣ ದಾಟಿದ ಮೇಲೆ ನನ್ನ ಬೆನ್ನಿಗೆ ಅವಳ ದನಿ ಕೇಳಿಸಿತು.

"ಪ್ಯಾಂಟು ಆಕ್ಕಂಡು ಬಾ ಅಂತ ನಾನು ಏಳಾಕಿಲ್ಲ ಪುಟ್ಸಾಮಿ. ಅಪ್ಪನ ಮಣ್ಣಿಗೆ ಅದು ಕಳ್ಳನಂಗೆ ತಲೆ ಮುಚ್ಕಂಡು ಬಂದಿತ್ತು. ಇನ್ನೊಂದ್ಸಲ ಅಂಗೆ ಬಾ ಅಂತ ನನ್ ಬಾಯಲ್ಲಿ ಬರಾಕಿಲ್ಲ."

ಕೊಪ್ಪದ ಅಂಗಡಿಯಲ್ಲಿ ನಮ್ಮ ಪಕ್ಕದಲ್ಲಿ ಕೆಂಪು ನಿಲುವಂಗಿಯ ಇಬ್ಬರು ಸನ್ಯಾಸಿಗಳು ಕಂಬಳಿ ಆರಿಸುತ್ತಿದ್ದರು. ಅಂಗಡಿಯ ಹೆಂಗಸು ಮಲಯಾಳ ಬೆರೆಸಿದ ಕನ್ನಡದಲ್ಲಿ ಹಸಿರು ಸೀರೆಯೊಂದನ್ನು ಹರವಿ, ಮಗಳಿಗಾ ಎಂದು ಕೇಳಿಯೇಬಿಟ್ಟಳು. ಅತ್ತಿಗೆ ಹೂಂ ಎಂದಳು. ಆ ಹೂಂ ಹೇಳಲು ಅವಳಿಗೆ ಮೂವತ್ತು ಮೈಲಿ ದೂರ ಬೇಕಾಗಿತ್ತೇನೋ. ನಾನು, ಸೀರೆಯನ್ನು ಮೈಸೂರಿಗೆ ಕೊಟ್ಟುಕಳಿಸುತ್ತಾಳೆ, ಮಗು ಎಡೆಗೆ ಬರುವುದಿಲ್ಲ ಎಂದುಕೊಂಡು ಮಂಕಾಗಿ ಗಾಡಿ ಹೊಡೆದೆ.

ಮಾರ್ಲಮಿಯ ದಿನ ನಡುಮನೆಯಲ್ಲಿ ಕಳಸ ಇಟ್ಟು, ಬಾಳೆಲೆಯ ಮೇಲೆ ಅಣ್ಣನಿಗೆ ಪ್ರಿಯವಾದ ಬಾಡು, ಮುದ್ದೆ, ವಡೆ, ಒಂದು ಕಟ್ಟು ಬೀಡಿ ಎಲ್ಲ ಇಟ್ಟಾಯಿತು. ಪಕ್ಕದಲ್ಲಿ ಹಿರಿಯರ ಬಟ್ಟೆ: ಒಂದು ಪಂಚೆ, ಒಂದು ಸೀರೆ. ಸೀರೆ ಅದೇ, ಹಸಿರು. ಪ್ರತಿವರ್ಷವೂ ನಮ್ಮಜ್ಜಿಯ ಹೆಸರಿನಲ್ಲಿ ಒಂದು ಸೀರೆ ಇಡುವುದು ವಾಡಿಕೆ, ಹಾಗಾಗಿ ಯಾರಿಗೂ ವಿಶೇಷವೆನಿಸಲಿಲ್ಲ. ದೊಡ್ಡಪ್ಪ ಬಂದರು. ಕೆಂಡಕ್ಕೆ ಧೂಪ ಹಾಕಿ, ಹೊಗೆಯನ್ನು ಪಂಚೆಗೂ ಸೀರೆಗೂ ತೋರಿಸಿ, ನೀರು ಪ್ರೋಕ್ಷಿಸಿ, ಅವ್ವನ ಸೀರೆ ಈ ಸಲ ಚೆನ್ನಾಗಿದೆ ಎಂದು ಕೈ ಮುಗಿದರು.

ಎಡೆಗಿಟ್ಟ ಬಟ್ಟೆಯನ್ನು ಮಡಿಸಿಡುವಂತಿಲ್ಲ. ಹಿರಿಯರು ಮನೆಯಲ್ಲಿ ಇರುವಾಗಲೇ ಮನೆಯ ಯಾರಾದರೂ ಅದನ್ನು ಉಡಬೇಕು. ಇಲ್ಲದಿದ್ದರೆ ಅವರು ಬರಿಮೈಯಲ್ಲಿ ಹಿಂದಿರುಗಿದಂತೆ. ಪಂಚೆ ನನಗೆ ಬಂತು. ಸೀರೆ ಎಂದಿನಂತೆ ತನಗೆಂದು ನಾಗರತ್ನ ಕೈ ಚಾಚಿದಳು. ಅತ್ತಿಗೆ ಸೀರೆ ಎತ್ತಿಕೊಂಡು ಆ ಕೈಯನ್ನು ದಾಟಿ ಅಡುಗೆಮನೆಯ ಬಾಗಿಲಿಗೆ ನಡೆದಳು. ಅಲ್ಲಿ, ಬೆಳಗಿನ ಬಸ್ಸಿಗೆ ಬಂದು ಹಿತ್ತಿಲಿಂದ ಒಳಸೇರಿದ್ದ ಸೌಮ್ಯ ನಿಂತಿದ್ದಳು, ಚೂಡಿದಾರದಲ್ಲಿ, ಟೋಪಿಯಿಲ್ಲದೆ.

"ಜಯಾ," ಎಂದರು ದೊಡ್ಡಪ್ಪ.

"ಎಡೆಗಿಟ್ಟಿದ್ದು ದೊಡ್ಮಾವ. ನೀವೇ ಧೂಪ ತೋರ್ಸಿದ್ರಿ. ಈಗ ಮಡಿಸಿ ಇಡಾಕಾಯ್ತದಾ?"

ಹಿರಿಯರು ಬಂದು ಕೂತಿರುವಾಗ ಜಗಳವಾಡುವಂತಿಲ್ಲ, ಅದು ದೊಡ್ಡಪ್ಪನೇ ನಮಗೆ ಕಲಿಸಿದ ಪಾಠ. ಅವರು ಎಡೆಯನ್ನು ನೋಡಿದರು, ಅಣ್ಣನ ಬೀಡಿಕಟ್ಟನ್ನು ನೋಡಿದರು, ಧೂಪದ ಬಟ್ಟಲನ್ನು ಕೆಳಗಿಟ್ಟು ಹೊರಗೆ ಜಗುಲಿಗೆ ಹೋಗಿ ಕೂತರು. ಮನೆಗೆ ಹೋಗಲಿಲ್ಲ.

ಒಳಗೆ ಹೆಂಗಸರು ಸೌಮ್ಯಳನ್ನು ಸುತ್ತುವರಿದರು. ನೆರಿಗೆ ಹಿಡಿಯಲು ಕೈ ನೀಡಿದ ಸಾಕಮ್ಮನಿಗೆ ಕೆಲಸವೇ ಸಿಗಲಿಲ್ಲ. ಅವಳೇ ಚಕಚಕನೆ ಉಟ್ಟುಕೊಂಡಳು. ಸೀರೆ ತಪ್ಪಿಹೋದ ಬೇಸರವನ್ನು ನುಂಗಿಕೊಂಡು ನಾಗರತ್ನ ಕೇಳಿದಳು, "ಆ ಟೀವಿಯೋರು ನಿಂಗೆ ಗೊತ್ತಾ?"

"ಇಲ್ಲ ಚಿಕ್ಕಮ್ಮ. ನಾನು ಸೀರಿಯಲ್ ನೋಡಲ್ಲ."

ನಾಗರತ್ನಳಿಗೆ ಆದ ನಿರಾಸೆ ನೋಡುವಂತಿತ್ತು. ಸೌಮ್ಯ ಎಡೆಯ ಮುಂದೆ ಬಂದು ನಿಂತು, ಕೆಂಡದ ಮೇಲೆ ಚಿಟಿಕೆ ಧೂಪ ಹಾಕಿದಳು. ಅತ್ತಿಗೆ ಕಣ್ಣಿಗೆ ಹೊಗೆ ಹೊಡೆಯಿತು ಎಂದು ಹೊರಗೆ ಹೋದಳು.

ಊಟಕ್ಕೆ ಅಂಗಳದಲ್ಲಿ ಪಂಕ್ತಿ ಹಾಕಿದೆವು. ಡೇರಿಯ ಕಿರಣನೂ ಬಂದಿದ್ದ. ಮಾರ್ಲಮಿಯ ಬಾಡೂಟಕ್ಕೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಎಲೆಯ ಮೇಲೆ ಕಣ್ಣು ನೆಟ್ಟು ಕೂತಿದ್ದ. ಮೊದಲ ಎಲೆ ದೊಡ್ಡಪ್ಪನದು. ಮನೆಮಗಳು ಬಡಿಸುವುದು ರೂಢಿ ಎಂದು ಅತ್ತಿಗೆ ಬಾಡಿನ ಪಾತ್ರೆಯನ್ನು ಸೌಮ್ಯಳ ಕೈಗೆ ಕೊಟ್ಟುಬಿಟ್ಟಿದ್ದಳು. ಬೇಡ ಎನ್ನುವವರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಾರೆ. ಸೌಮ್ಯ ಬಂದು ಮುಂದೆ ಬಗ್ಗಿದಾಗ ದೊಡ್ಡಪ್ಪನ ಕೈ ಎಲೆಯ ಮೇಲೆ ಬಂತು. ಅಲ್ಲೇ ನಿಂತಿತು. ಅವರು ಸುತ್ತ ಕೂತವರನ್ನು ನೋಡಲಿಲ್ಲ. ಹಸಿರು ಸೀರೆಯನ್ನೂ ನೋಡಲಿಲ್ಲ. ಪಾತ್ರೆಯನ್ನೇ ನೋಡುತ್ತಿದ್ದರು. ಅವಳು ಸೌಟು ಎತ್ತಿ ಹಿಡಿದುಕೊಂಡೇ ಇದ್ದಳು. ಬಾಗಿಲಲ್ಲಿದ್ದ ಅತ್ತಿಗೆ ಬಾಗಿಲನ್ನೇ ಹಿಡಿದುಕೊಂಡಿದ್ದಳು.

"ಮೂಳೆ ಬ್ಯಾಡ," ಎಂದರು ದೊಡ್ಡಪ್ಪ, ಕೈ ತೆಗೆಯುತ್ತಾ. "ಅಲ್ಲು ಇಲ್ಲ ನಂಗೆ. ಮೆತ್ತಗಿರಾದು ನೋಡಿ ಆಕು."

ಸೌಮ್ಯ ಪಾತ್ರೆಯೊಳಗೆ ಸೌಟು ಬಿಟ್ಟು ಮೆತ್ತಗಿನ ತುಂಡು ಹುಡುಕತೊಡಗಿದಳು. ಕಣ್ಣು ತುಂಬಿದ್ದರಿಂದಲೋ ಏನೋ ಬೇಗ ಸಿಗಲಿಲ್ಲ. ಪಂಕ್ತಿಯಲ್ಲಿ ಕೂತವರೆಲ್ಲ ಹಸಿದಿದ್ದರು. ಯಾರೂ ಬೇಗ ಎನ್ನಲಿಲ್ಲ.